ಎಡ ಹೆಬ್ಬೆರಳು

ಕಾಜುಬಾಗದ ಮಾಳಿಗೆ ಮೇಲೆ
ಹನ್ನೊಂದು ರೆಮಿಂಗ್ಟನ್ನುಗಳ ಗದ್ದಲದಲ್ಲಿ
ಮೂವತ್ತೊಂದು ವರ್ಷ ನಾನು ಹೇಳಿದ್ದು ಒಂದೇ ಮಾತು:
ಕೀಲಿ ನೋಡಬೇಡ.
ಹುಡುಗರ ಕೈಮೇಲೆ ರಟ್ಟಿನ ಮಾಡು ಕಟ್ಟಿ
ಎ ಎಸ್ ಡಿ ಎಫ್,
ಮತ್ತೆ ಎ ಎಸ್ ಡಿ ಎಫ್.
ಬೆರಳಿಗೂ ಒಂದು ಮನೆಯಿದೆ,
ಎಲ್ಲಿ ತಿರುಗಿದರೂ ಕತ್ತಲಾಗುವುದರೊಳಗೆ
ಅಲ್ಲಿಗೆ ಬರಬೇಕು.

ಈಗ ಅರವತ್ತೆಂಟು.
ರಾತ್ರಿ ಏಳಕ್ಕೆ, ಬಂಗಡೆ ಮುಟ್ಟಿದ ಕೈಯನ್ನು
ಎರಡು ಸಲ ಸೋಪಿನಲ್ಲಿ, ಒಂದು ಸಲ ಲಿಂಬೆಯಲ್ಲಿ ತೊಳೆದು
ಕಂಪ್ಯೂಟರಿನ ಮುಂದೆ ಕೂರುತ್ತೇನೆ.
ಆಟ ಹಾಕಿಕೊಟ್ಟ ದಿನ ಅಂಗಡಿಯ ಆಗ್ನೆಲ್
ಅನುಮಾನಿಸುತ್ತಲೇ ಹೇಳಿದ್ದ:
ಡಬ್ಲ್ಯೂ ಒತ್ತಿದ್ರೆ ಮುಂದೆ, ಎಸ್ ಹಿಂದೆ,
ಎ ಎಡಕ್ಕೆ, ಡಿ ಬಲಕ್ಕೆ.
ಮೊದಮೊದಲು ಕೀಲಿ ನೋಡ್ಕೊಂಡೇ ಆಡಿ, ಅಕ್ಕೋರೆ.

ನಾನು ನಗಲಿಲ್ಲ.
ಎಡಗೈ ಇಟ್ಟೆ. ಅದು ತಾನಾಗಿ ಮನೆಗೆ ಹೋಯಿತು.

ಎಷ್ಟು ರಜೆ ಅರ್ಜಿ, ಎಷ್ಟು ಟೆಂಡರು,
ಬಂದರು ಕಚೇರಿಯ ಎಷ್ಟು ಜ್ಞಾಪನ
ಮೂರು ಕಾರ್ಬನ್ನಿನ ಕೆಳಗೆ ಹೊತ್ತು ಬಳಲಿದ ಅಕ್ಷರಗಳು
ಕಾಗದದಿಂದ ಇಳಿದು ನಡೆಯತೊಡಗಿದವು,
ಹುಲ್ಲಿನ ಮೇಲೆ, ಹಿಮದ ಮೇಲೆ.
ಹೆಸರು ಬರೆಯಿರಿ ಎಂದಿತು ಪರದೆ.
ಶೇವಂತಿ ಎಂದು ಹೊಡೆದೆ, ತಪ್ಪಿಲ್ಲದೆ.
ಈಟಿ ಹಿಡಿದ ಒಬ್ಬ ಹುಡುಗಿ
ನನ್ನ ಹೆಸರು ಹೊತ್ತು ತಿರುಗಿ ನೋಡಿದಳು.

ಹೆಬ್ಬೆರಳಿನ ಮಾತು ಹೇಳಬೇಕು.
ಅದಕ್ಕೆ ಅಕ್ಷರವಿಲ್ಲ. ಎರಡು ಪದಗಳ ನಡುವೆ
ಚೂರು ಜಾಗ ಬಿಡುವುದಷ್ಟೇ ಅದರ ನೌಕರಿ,
ಅದೂ ಬಲದ್ದಕ್ಕೆ.
ಎಡದ್ದು ಮೂವತ್ತೊಂದು ವರ್ಷ
ಗಾಳಿಯಲ್ಲಿ ನಿಂತೇ ಇತ್ತು,
ಊಟದ ಪಂಕ್ತಿಯಲ್ಲಿ ಎಲೆ ಸಿಗದವನ ಹಾಗೆ.
ಈಗ ಅದೇ ಉದ್ದ ಕೀಲಿಯನ್ನು ಅದು ಒತ್ತಿದರೆ
ಶೇವಂತಿ ಹಾರುತ್ತಾಳೆ!
ಗೋಡೆ, ಹಳ್ಳ, ಮಲಗಿದ ತೋಳ, ಎಲ್ಲದರ ಮೇಲೆ.
ಎರಡು ಮೆಟ್ಟಿಲಿಗೆ ಕಟಕ್ಕೆನ್ನುವ ಮಂಡಿ
ಮೇಜಿನಡಿ ಕೂತು
ಸುಮ್ಮನೆ ಕೇಳಿಸಿಕೊಳ್ಳುತ್ತದೆ.

ಒಬ್ಬಳೇ ಅಲ್ಲ. ನದಿಯಾಚೆ ಸದಾಶಿವಗಡದಲ್ಲಿ
ಪಿಯೆದಾದ್ ಇದ್ದಾಳೆ, ಎಪ್ಪತ್ತೊಂದು,
ಸಿವಿಲ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು.
ಆಟದಲ್ಲೂ ಔಷಧದ ಚೀಲ ಅವಳ ಹೆಗಲಿಗೇ.
ಕಿವಿಯಲ್ಲಿ ಬೈಯುತ್ತಾಳೆ: ಎದುರಿಗೆ ಹೋಗ್ಬೇಡ ಮಾರಾಯ್ತಿ,
ಎರಡೇ ಬಾಟ್ಲಿ ಉಳಿದಿದೆ!
ಖಾಲಿ ಬಾಟ್ಲಿಯನ್ನೂ ಎಸೆಯಲು ಬಿಡುವುದಿಲ್ಲ.
ನಮ್ಮಿಬ್ಬರ ನಡುವೆ ಕಾಳಿ,
ಅದರ ಮೇಲೆ ಲಾರಿಗಳ ಸೇತುವೆ.
ನಾವು ದಾಟುವುದು ಬೇರೆಯದು,
ಹಗ್ಗದ್ದು. ನಡುವೆ ನಾಲ್ಕು ಹಲಗೆ ಇಲ್ಲ.

ಆ ಸೇತುವೆಯಿಂದ ನಿನ್ನೆ ನಾನು
ಇಪ್ಪತ್ತಾರು ಸಲ ಬಿದ್ದೆ.

ಪರೀಕ್ಷೆಯಲ್ಲಿ ಅಳಿಸುವಂತಿರಲಿಲ್ಲ.
ತಪ್ಪಿಗೊಂದು ಕೆಂಪು ಸುತ್ತು.
ಸುತ್ತಿದವಳು ನಾನೇ, ಪೆನ್ಸಿಲ್ಲು ಚೂಪು ಮಾಡಿ ಮಾಡಿ.
ಒಂಬತ್ತು ಸುತ್ತು ನೋಡಿ ಉಲ್ಲಾಸ ಪೆಡ್ನೇಕರ್
ಮಾಳಿಗೆಯ ಮೆಟ್ಟಿಲಲ್ಲಿ ಕೂತು ಅತ್ತಿದ್ದ.
ಇಪ್ಪತ್ತಾರಕ್ಕೆ ನನಗೆ ಯಾರೂ ಸುತ್ತು ಹಾಕಲಿಲ್ಲ.
ಬಿದ್ದಾಗಲೆಲ್ಲ ಅದೇ ಕಲ್ಲಿನ ಪಕ್ಕ
ಮೈ ಕೊಡವಿ ಎದ್ದೆ,
ರೋಲರಿಗೆ ಹೊಸ ಹಾಳೆ ಸಿಕ್ಕಿಸಿದ ಹಾಗೆ.
ಎಂಥ ಸುಖ ಅದು,
ತಪ್ಪುವುದು, ಜೋರಾಗಿ ತಪ್ಪುವುದು,
ತಪ್ಪಿ, ಹೋ ಎಂದು ಇಬ್ಬರೂ ನಗುವುದು!

ಇವತ್ತು ಸಂಜೆ ಡಾಕ್ಟರು ಹೇಳಿದಷ್ಟು
ಬೀಚಿನಲ್ಲಿ ನಡೆಯುವಾಗ
ಅದೇ ಉಲ್ಲಾಸ ಸಿಕ್ಕಿದ.
ಖಜಾನೆಯಿಂದ ನಿವೃತ್ತನಾಗಿ ಎರಡು ತಿಂಗಳು.
ಮನೇಲಿ ಹೊತ್ತೇ ಹೋಗೋದಿಲ್ಲ ಅಕ್ಕೋರೆ,
ನೀವು ಏನು ಮಾಡ್ತೀರಿ?
ನಿನ್ನೆ ಸೇತುವೆಯಿಂದ ಬಿದ್ದೆ, ಎಂದೆ.
ಅಯ್ಯೋ, ಪೆಟ್ಟಾಯ್ತಾ? ಎನ್ನುತ್ತ
ನನ್ನ ಮಂಡಿಯನ್ನೇ ನೋಡಿದ.

ಒಂಬತ್ತು ಸುತ್ತಿನ ಮಾತು ನಾಲಿಗೆಯವರೆಗೆ ಬಂತು.
ಹೇಳಿದ್ದು ಬೇರೆ:
ನಿನ್ನ ಎಡ ಹೆಬ್ಬೆರಳು ಈಗ ಏನು ಮಾಡ್ತಿದೆ, ಉಲ್ಲಾಸ?

ಅವನು ಕೈ ಬಿಚ್ಚಿದ.
ಅಷ್ಟರಲ್ಲಿ ನನ್ನ ಫೋನು. ಪಿಯೆದಾದ್:
ಎಲ್ಲಿ ಸತ್ತಿದ್ದೀ, ಬಾಟ್ಲಿ ಮೂರಾಯ್ತು, ಬಾ.